ಮಕ್ಕಳಿರುವ ಮನೆಗೆ ಎಂಥ ಕಾವಲು ನಾಯಿ?

ಈ ಸಲ ನಾಯಿ ಸಾಕುವವರ ಪ್ರಶ್ನೆಗಳೇ ಹೆಚ್ಚು ಬಂದಿವೆ. ಪಶುವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ಡಾಕ್ಟರ್ ಸಾಹೇಬರೆ, ವಿದ್ಯಾಗಿರಿಯಲ್ಲಿ ನಮ್ಮದು ಸ್ವಂತ ಮನೆ. ಮುಂದೆ ಸಣ್ಣ ಅಂಗಳ, ಸುತ್ತ ಕಾಂಪೌಂಡ್ ಇದೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ಯಜಮಾನರಿಗೆ ರಾತ್ರಿ ಪಾಳಿ ಇರುತ್ತದೆ. ಓಣಿಯಲ್ಲಿ ಕಳವು ಆದಾಗಿನಿಂದ ನಾಯಿ ತರುವ ಮಾತು ನಡೆದಿದೆ. ಮೈದುನ ರಾಟ್‌ವೀಲರ್ ತರೋಣ ಅಂತಾನೆ, ಮಾವನವರು ನಮ್ಮ ಮುಧೋಳ ನಾಯಿ ಇರುವಾಗ ಬೇರೆ ಯಾಕೆ ಅಂತಾರೆ. ಯಾವುದನ್ನು ತರೋಣ?
— ಗೃಹಿಣಿ, ಬಾಗಲಕೋಟೆ

ಉತ್ತರ: ತಾಯಿ, ಕಳ್ಳ ಹೆದರುವುದು ಸದ್ದಿಗೆ. ಗೇಟಿನ ಹತ್ತಿರ ಅಪರಿಚಿತರು ನಿಂತ ಕೂಡಲೇ ಬೊಗಳಿ ನಿಮ್ಮನ್ನು ಎಬ್ಬಿಸುವ ನಾಯಿ ಮನೆಯಲ್ಲಿದ್ದರೆ ಮುಕ್ಕಾಲು ಕಾವಲು ಆದಂತೆಯೇ. ಮೈಮೇಲೆ ಬಿದ್ದು ಕಚ್ಚುವ ನಾಯಿ ನಾಲ್ಕು ವರ್ಷದ ಮಗುವಿರುವ ಮನೆಗೆ ಬೇಡವೇ ಬೇಡ. ಮಗಳ ಗೆಳತಿಯರು ಆಡಲು ಬರುತ್ತಾರೆ, ಹಾಲಿನವರು ಬರುತ್ತಾರೆ, ನೆಂಟರು ಬಂದು ಮಗುವನ್ನು ಎತ್ತಿ ಆಡಿಸುತ್ತಾರೆ. ಇವರಲ್ಲಿ ಕಳ್ಳ ಯಾರು, ಅತಿಥಿ ಯಾರು ಎಂದು ನಾಯಿ ತಾನಾಗಿ ವಿಂಗಡಿಸಲಾರದು.

ರಾಟ್‌ವೀಲರ್ ಗಂಡು ಬೆಳೆದು ನಿಂತರೆ 50 ಕಿಲೋ ದಾಟುತ್ತದೆ. ಒಳ್ಳೆಯ ನಾಯಿಯೇ, ಆದರೆ ದಿನಾ ತಿದ್ದಿ ನಡೆಸುವ ಗಟ್ಟಿ ಕೈ ಬೇಕು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಯಜಮಾನರು, ಎರಡು ಮಕ್ಕಳನ್ನು ನೋಡಿಕೊಳ್ಳುವ ನೀವು, ಇಬ್ಬರಿಗೂ ಆ ಪುರುಸೊತ್ತು ಸಿಗುವುದಿಲ್ಲ. ಮೊದಲ ನಾಯಿಯಾಗಿ ಅದನ್ನು ತರಬೇಡಿ. ಅದು ತಮಾಷೆಗೆ ಹಾರಿದರೂ ಮಗಳು ನೆಲಕ್ಕೆ ಬೀಳುತ್ತಾಳೆ.

ಮಾವನವರ ಅಭಿಮಾನ ನನಗೂ ಇದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದ ತಳಿ ಅದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೂ ಹೋದವು. ಆದರೆ ಅದು ಕಣ್ಣಿನಿಂದ ಗುರಿ ಹಿಡಿದು ಓಡಿ ಹಿಡಿಯುವ ಬೇಟೆ ನಾಯಿ. ಅಪರಿಚಿತರಿಂದ ದೂರ ನಿಲ್ಲುತ್ತದೆ, ಮನೆಯಲ್ಲಿ ಒಬ್ಬಿಬ್ಬರನ್ನೇ ಹಚ್ಚಿಕೊಳ್ಳುತ್ತದೆ, ಮೈಮೇಲೆ ಬಿದ್ದು ಅಪ್ಪಿಕೊಳ್ಳುವ ಮಕ್ಕಳನ್ನು ಅಷ್ಟಾಗಿ ಸಹಿಸುವುದಿಲ್ಲ. ದಿನಕ್ಕೊಮ್ಮೆಯಾದರೂ ಬಯಲಿನಲ್ಲಿ ಮನಸಾರೆ ಓಡಬೇಕು. ಹೊಲದ ವಸ್ತಿಗೆ ಹೇಳಿ ಮಾಡಿಸಿದ ನಾಯಿ, ಓಣಿಯ ಸಣ್ಣ ಅಂಗಳಕ್ಕೆ ಇಕ್ಕಟ್ಟು.

ನಿಮ್ಮ ಮನೆಗೆ ನನ್ನ ಮೊದಲ ಆಯ್ಕೆ ಲ್ಯಾಬ್ರಡಾರ್ ಹೆಣ್ಣು ಮರಿ. ಕಾವಲಿಗೆ ತೀರ ಸಾಧು ಎಂಬ ಮಾತು ನಿಜ, ಆದರೂ ಕತ್ತಲಲ್ಲಿ ಆ ಗಾತ್ರ, ಆ ದಪ್ಪ ದನಿ ಸಾಕು. ಇನ್ನಷ್ಟು ಎಚ್ಚರದ ನಾಯಿ ಬೇಕೆಂದರೆ ಜರ್ಮನ್ ಶೆಫರ್ಡ್ ಹೆಣ್ಣು. ಅದಕ್ಕೆ ಸೊಂಟದ ಕೀಲಿನ ರೋಗ ವಂಶದಿಂದ ಬರುತ್ತದೆ. ಹಿಂಭಾಗ ತೀರ ಇಳಿಜಾರಾಗಿ ನಿಲ್ಲುವ ತಾಯಿಯ ಮರಿ ಬೇಡ. ಮೂರನೆಯದು, ಯಾರೂ ಕೇಳದಿದ್ದರೂ ನಾನು ಹೇಳುವುದು, ನಮ್ಮ ಊರ ನಾಯಿಯ ಮರಿ. ನಮ್ಮ ಬಿಸಿಲಿಗೆ ಒಗ್ಗಿದ ಮೈ, ಕಿವಿ ಚುರುಕು, ತಿನ್ನುವುದು ಕಡಿಮೆ. ತಾಯಿ ಮನುಷ್ಯರ ಬಳಿ ಸಲುಗೆಯಿಂದಿದ್ದರೆ ಧೈರ್ಯವಾಗಿ ತನ್ನಿ.

ತಳಿಗಿಂತ ದೊಡ್ಡ ಮಾತು ಮರಿಯ ಆಯ್ಕೆ. ಮಾರುವವರು ತಾಯಿಯನ್ನು ತೋರಿಸಲೇಬೇಕು. ತಾಯಿ ಹಲ್ಲು ಕಿರಿದರೆ ಅಥವಾ ಮೂಲೆಗೆ ಮುದುರಿದರೆ ಬರಿಗೈಲಿ ವಾಪಸು ಬನ್ನಿ. ಎಂಟು ವಾರ ತುಂಬದ ಮರಿ ಮಾರುವುದು ಕಾನೂನಿಗೂ ವಿರುದ್ಧ. ಅಷ್ಟು ಬೇಗ ತಾಯಿಯಿಂದ ಬಿಡಿಸಿದ ಮರಿಗೆ ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಮರಿಗಳ ಪಕ್ಕ ಒಂದು ಸ್ಟೀಲ್ ತಟ್ಟೆ ಬೀಳಿಸಿ ನೋಡಿ. ಬೆಚ್ಚಿ, ಮರುಗಳಿಗೆಯೇ ಬಂದು ತಟ್ಟೆಯನ್ನು ಮೂಸುವ ಮರಿ ನಿಮ್ಮದು. ಬೆಚ್ಚಿ ಹೊರಗೇ ಬಾರದ ಮರಿ ಮುಂದೆ ಅಂಜಿಕೆಯಿಂದ ಕಚ್ಚುವ ನಾಯಿ ಆಗಬಹುದು. ಎಲ್ಲರನ್ನೂ ತಳ್ಳಿ ಮೊದಲು ಬಟ್ಟೆ ಕಚ್ಚಿ ಜಗ್ಗುವ ಮರಿಯೂ ಮಕ್ಕಳ ಮನೆಗೆ ಬೇಡ.

ಮನೆಗೆ ಬಂದ ಮೇಲಿನ ಒಂದೂವರೆ ತಿಂಗಳು ಬಹಳ ಮುಖ್ಯ. ಹದಿನಾಲ್ಕು ವಾರದೊಳಗೆ ಮರಿ ಏನೇನು ನೋಡಿ ಹೆದರದೆ ಉಳಿಯುತ್ತದೋ ಅದನ್ನೆಲ್ಲ ಜೀವನಪೂರ್ತಿ ಒಪ್ಪಿಕೊಳ್ಳುತ್ತದೆ. ಕುಕ್ಕರ್ ಸೀಟಿ, ಟ್ರ್ಯಾಕ್ಟರ್, ಕೋಲು ಹಿಡಿದ ಅಜ್ಜ, ಓಡಾಡುವ ಮಕ್ಕಳು ಎಲ್ಲವನ್ನೂ ತೋರಿಸಿ. ಲಸಿಕೆ ಮುಗಿಯುವ ತನಕ ಬೀದಿ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ತಿರುಗಿ. ವಾಂತಿ, ರಕ್ತಭೇದಿಯಿಂದ ಮರಿಯನ್ನು ಕೊಲ್ಲುವ ಪಾರ್ವೋ ರೋಗದ ವೈರಾಣು ಬೀದಿ ಮಣ್ಣಿನಲ್ಲೇ ಇರುತ್ತದೆ. ಪಾರ್ವೋ, ಡಿಸ್ಟೆಂಪರ್ ಸೇರಿದ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರು, ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳು ತುಂಬಿದಾಗ, ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ನಾಯಿಯ ಜಂತು ಮಣ್ಣಲ್ಲಾಡುವ ಮಕ್ಕಳ ಹೊಟ್ಟೆಗೂ ಸೇರುವುದರಿಂದ ಇದನ್ನು ತಪ್ಪಿಸಬೇಡಿ.

ಮಗಳು ಒಬ್ಬಳೇ ಇರುವಾಗ ಯಾವ ನಾಯಿಯನ್ನೂ ಅವಳ ಜೊತೆ ಬಿಡಬೇಡಿ, ಎಷ್ಟೇ ಸಾಧುವಾಗಿರಲಿ.

ಪ್ರಶ್ನೆ: ಜಮಖಂಡಿ ತಾಲೂಕಿನಲ್ಲಿ ನಮ್ಮ ತೋಟದ ವಸ್ತಿ ಇದೆ. ಐದು ತಿಂಗಳ ಮುಧೋಳ ಗಂಡು ಮರಿ ತಂದಿದ್ದೇವೆ. ಹಗಲೆಲ್ಲ ಸರಪಳಿಯಲ್ಲಿ ಕಟ್ಟುತ್ತೇವೆ. ಬಿಚ್ಚಿದರೆ ಕೋಳಿ, ಆಡಿನ ಮರಿ ಬೆನ್ನಟ್ಟುತ್ತದೆ. ಈಗ ಏಳು ವರ್ಷದ ಮೊಮ್ಮಗ ಓಡಿದರೂ ಹಿಂದೆ ಬೀಳುತ್ತಿದೆ. ಹೊಟ್ಟೆ ತುಂಬ ಹಾಕಿದರೂ ಎಲುಬು ಕಾಣುತ್ತವೆ.
— ರೈತರು, ಜಮಖಂಡಿ ತಾಲೂಕು

ಉತ್ತರ: ಯಜಮಾನರೆ, ಎಲುಬು ಕಂಡರೆ ಗಾಬರಿ ಬೇಡ. ಮುಧೋಳ ತಳಿಯಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಎರಡು ಮೂಳೆ ಕಾಣುವುದೇ ಸರಿಯಾದ ಮೈಕಟ್ಟು. ದಪ್ಪ ಮಾಡಿದರೆ ಬೆಳೆಯುವ ಕಾಲುಗಳಿಗೆ ಪೆಟ್ಟು. ಬೆನ್ನುಮೂಳೆ ಪೂರ್ತಿ ಎದ್ದು ಕಂಡು ಕೂದಲು ಮಂಕಾದರೆ ಮಾತ್ರ ಮಲ ಪರೀಕ್ಷೆ ಮಾಡಿಸಿ.

ಓಡುವುದನ್ನು ಬೆನ್ನಟ್ಟುವುದು ಅದರ ರಕ್ತದಲ್ಲಿದೆ, ಹೊಡೆದರೆ ಹೋಗುವುದಿಲ್ಲ. ಹಗಲೆಲ್ಲ ಕಟ್ಟಿದ ನಾಯಿಯ ಕಸುವು ಬಿಚ್ಚಿದ ಗಳಿಗೆಯಲ್ಲಿ ಒಮ್ಮೆಲೇ ಹೊರಬರುತ್ತದೆ, ಆಗ ಎದುರಿಗೆ ಸಿಕ್ಕವನು ಮೊಮ್ಮಗ. ಸರಪಳಿ ಬಿಡಿಸಿ, ಆರು ಅಡಿ ಎತ್ತರದ ಜಾಲರಿ ಹಾಕಿ ಒಂದು ಆವರಣ ಮಾಡಿ. ನಾಲ್ಕು ಅಡಿ ಬೇಲಿಯನ್ನು ಅದು ಸಲೀಸಾಗಿ ಜಿಗಿಯುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಅರ್ಧ ತಾಸು, ಸಂಜೆ ಅರ್ಧ ತಾಸು ಓಡಲು ಬಿಡಿ, ಆಗ ಮೊಮ್ಮಗ ಒಳಗಿರಲಿ.

ಓಡಿ ದಣಿದ ಮೇಲೆ ಉದ್ದ ಹಗ್ಗ ಕಟ್ಟಿ ಕೋಳಿಗೂಡಿನಿಂದ ಐವತ್ತು ಹೆಜ್ಜೆ ದೂರ ನಿಲ್ಲಿಸಿ. ಕೋಳಿ ನೋಡಿ ಕಿವಿ ನಿಮಿರಿದ ಕೂಡಲೇ ಹೆಸರು ಕರೆಯಿರಿ. ನಿಮ್ಮ ಕಡೆ ತಿರುಗಿದರೆ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ತಿರುಗದಿದ್ದರೆ ನೀವು ಇನ್ನೂ ತೀರ ಹತ್ತಿರ ಇದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಐದು ನಿಮಿಷ ಸಾಕು, ದಿನಾ ಮಾಡಬೇಕು. ಮೊಮ್ಮಗನಿಗೂ ಒಂದು ಪಾಠ ಇದೆ: ನಾಯಿ ಬೆನ್ನು ಹತ್ತಿದರೆ ಓಡಬಾರದು, ಚೀರಬಾರದು, ಕೈ ಕಟ್ಟಿ ನೆಲ ನೋಡುತ್ತ ನಿಲ್ಲಬೇಕು. ಇಷ್ಟೆಲ್ಲ ಆದರೂ ಕೋಳಿಗಳ ನಡುವೆ ಅದನ್ನು ಒಂಟಿಯಾಗಿ ಬಿಡುವಂತಿಲ್ಲ.

ಮಲಗಲು ಹಳೆಯ ಕೌದಿ ಹಾಸಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಬರಿ ಫರಸಿಯ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಮುಂದೆ ಯಾವುದೇ ಶಸ್ತ್ರಚಿಕಿತ್ಸೆ ಮಾಡಿಸುವಾಗಲೂ ಇದು ಮುಧೋಳ ತಳಿ ಎಂದು ಮೊದಲೇ ಹೇಳಿ. ಹಳೆಯ ಕಾಲದ ಕೆಲವು ಅರಿವಳಿಕೆಗಳಿಂದ ಇಂಥ ತೆಳು ಮೈಯ ಬೇಟೆ ನಾಯಿಗಳು ಬೇಗ ಎಚ್ಚರಗೊಳ್ಳುವುದಿಲ್ಲ. ತಳಿಯ ಬಗ್ಗೆ ಇನ್ನೂ ತಿಳಿಯಲು ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಹೋಗಿ ವಿಚಾರಿಸಿ.

ಪ್ರಶ್ನೆ: ರಾಟ್‌ವೀಲರ್, ಪಿಟ್‌ಬುಲ್ ಸಾಕುವುದನ್ನು ನಿಷೇಧಿಸಿದ್ದಾರಂತೆ, ಹೌದೆ?
— ವಿದ್ಯಾರ್ಥಿ, ಬೆಳಗಾವಿ

ಉತ್ತರ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ವಿರುದ್ಧ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗೆಂದು ಮಾಲೀಕನ ಹೊಣೆ ತಪ್ಪಲಿಲ್ಲ. ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟು ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಪ್ರಶ್ನೆ: ತಿಕೋಟಾ ಹತ್ತಿರ ದ್ರಾಕ್ಷಿ ತೋಟ. ಶೆಫರ್ಡ್ ನಾಯಿ ಬೇಸಿಗೆಯಲ್ಲಿ ತುಂಬ ತೇಕುತ್ತದೆ. ಆಹಾರದಲ್ಲಿ ಏನು ಬದಲಿಸಲಿ?
— ದ್ರಾಕ್ಷಿ ಬೆಳೆಗಾರರು, ವಿಜಯಪುರ ಜಿಲ್ಲೆ

ಉತ್ತರ: ಊಟವನ್ನು ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ ಹಾಕಿ. ಜೋಳದ ನುಚ್ಚಿಗೆ ಮೊಟ್ಟೆ ಅಥವಾ ಕೋಳಿ ಮಾಂಸ, ಮೇಲೆ ಉಪ್ಪಿಲ್ಲದ ಮಜ್ಜಿಗೆ ಒಳ್ಳೆಯದು. ಬರೀ ರೊಟ್ಟಿ-ಹಾಲು ಸಾಲದು. ಕೂದಲು ಬೋಳಿಸಬೇಡಿ, ಆ ಎರಡು ಪದರದ ಕೂದಲೇ ಬಿಸಿಲನ್ನು ತಡೆಯುತ್ತದೆ, ಉದುರಿದ್ದನ್ನು ಬಾಚಿ ತೆಗೆದರೆ ಸಾಕು. ಮೈ ತಾಪ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಜೊಲ್ಲು ಗಟ್ಟಿಯಾಗಿ, ನಡಿಗೆ ತೂರಾಡಿದರೆ ನೆರಳಿಗೆ ತಂದು ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಒದ್ದೆ ಟವಲ್ ಹೊದಿಸಬೇಡಿ, ತಾಪ ಒಳಗೇ ಉಳಿಯುತ್ತದೆ.

ನಿಮಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ: ದ್ರಾಕ್ಷಿ, ಅದಕ್ಕಿಂತ ಹೆಚ್ಚಾಗಿ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೆಲವು ನಾಯಿಗೆ ಒಂದು ಹಿಡಿ ಒಣದ್ರಾಕ್ಷಿಯೂ ಪ್ರಾಣಾಂತಿಕ. ಒಣಗಿಸುವ ಶೆಡ್ಡಿನ ಹತ್ತಿರ ನಾಯಿ ಸುಳಿಯದಂತೆ ಬೇಲಿ ಹಾಕಿ, ಮಕ್ಕಳು ಪ್ರೀತಿಯಿಂದ ತಿನ್ನಿಸದಂತೆ ತಿಳಿಹೇಳಿ. ತಿಂದದ್ದು ಕಂಡರೆ ವಾಂತಿ ಆಗಲಿ ಎಂದು ಕಾಯದೆ ಎರಡು ತಾಸಿನೊಳಗೆ ವೈದ್ಯರ ಬಳಿ ಇರಬೇಕು.

ಪ್ರಶ್ನೆ: ಮೂರು ವರ್ಷದ ಡಾಬರ್‌ಮನ್ ಇದೆ. ಊಟ ಮಾಡುವಾಗ ಎರಡು ವರ್ಷದ ಮಗು ಹತ್ತಿರ ಹೋದರೆ ಗುರ್ ಅನ್ನುತ್ತದೆ. ಪ್ರತಿ ಸಲ ಹೊಡೆಯುತ್ತೇವೆ, ಕಡಿಮೆ ಆಗಿಲ್ಲ.
— ತಂದೆ, ಗೋಕಾಕ

ಉತ್ತರ: ಹೊಡೆಯುವುದನ್ನು ಇಂದೇ ನಿಲ್ಲಿಸಿ. ಗುರ್ ಎನ್ನುವುದು ನಾಯಿ ನಿಮಗೆ ಕೊಡುವ ಮುನ್ಸೂಚನೆ. ಏಟು ತಿಂದು ಅದು ಗುರ್ ಎನ್ನುವುದನ್ನು ಬಿಟ್ಟರೆ, ಮುಂದೆ ಸದ್ದಿಲ್ಲದೆ ನೇರ ಬಾಯಿ ಹಾಕುತ್ತದೆ. ಮಗುವಿನ ಮುಖ ಸರಿಯಾಗಿ ಅದರ ಬಾಯಿಯ ಎತ್ತರಕ್ಕಿದೆ ಎಂಬುದನ್ನು ಮರೆಯಬೇಡಿ.

ಊಟವನ್ನು ಬಾಗಿಲು ಹಾಕಿದ ಬೇರೆ ಜಾಗದಲ್ಲಿ ಕೊಡಿ, ತಟ್ಟೆ ಎತ್ತಿದ ಮೇಲೆಯೇ ಬಾಗಿಲು ತೆಗೆಯಿರಿ. ಒಮ್ಮೆ ಪಶುವೈದ್ಯರಿಗೆ ಅದರ ಹಲ್ಲು, ಕಿವಿ ತೋರಿಸಿ, ನೋವಿರುವ ನಾಯಿ ಬೇಗ ರೇಗುತ್ತದೆ. ದೊಡ್ಡವರು ಒಬ್ಬರು ದೂರದಿಂದ ಹಾದುಹೋಗುತ್ತ ತಟ್ಟೆಗೆ ಮಾಂಸದ ತುಣುಕು ಎಸೆಯಲಿ, ವಾರ ಕಳೆದಂತೆ ಒಂದೊಂದು ಹೆಜ್ಜೆ ಹತ್ತಿರವಾಗಲಿ. ಯಾರಾದರೂ ಬಂದರೆ ತುತ್ತು ಹೋಗುವುದಿಲ್ಲ, ಇನ್ನೊಂದು ಬರುತ್ತದೆ ಎಂದು ನಾಯಿ ಕಲಿಯಬೇಕು. ಈ ಅಭ್ಯಾಸದಲ್ಲಿ ಮಗುವನ್ನು ಎಂದೂ ಸೇರಿಸಬೇಡಿ. ಊಟದ ಹೊತ್ತಲ್ಲದೆ ಬೇರೆ ವೇಳೆಯಲ್ಲೂ ಮಗುವನ್ನು ಕಂಡು ಮೈ ಬಿಗಿಹಿಡಿದು ನಿಂತರೆ, ಕಣ್ಣಿನ ಬಿಳಿ ತೋರಿಸಿ ಓರೆ ನೋಡಿದರೆ, ಮಕ್ಕಳಿಲ್ಲದ ಮನೆಗೆ ಕೊಡುವುದೇ ಎರಡೂ ಜೀವಕ್ಕೆ ಕ್ಷೇಮ.

ಅಕಸ್ಮಾತ್ ಹಲ್ಲು ತಾಗಿದರೆ, ನಾಯಿಗೆ ಲಸಿಕೆ ಆಗಿದ್ದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗದ ವಿರುದ್ಧ ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್ (ರೋಗದ ವಿರುದ್ಧ ಕೂಡಲೇ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದನ್ನೂ ಕೇಳಿ ಹಾಕಿಸಿ. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲೇ ಇಟ್ಟುಕೊಂಡು, ಮಂಕಾದರೆ ಅಥವಾ ಸತ್ತರೆ ಕೂಡಲೇ ವೈದ್ಯರಿಗೆ ತಿಳಿಸಿ.