ಕನ್ನಡ ಮನೆಯಲ್ಲಿ ಧೋಂಡಪ್ಪ ಅನ್ನುವ ಹೆಸರು ಹೇಗೆ ಬಂತು?

ಮುತ್ತಜ್ಜನ ಹೆಸರು ಧೋಂಡಪ್ಪ, ಇಂಥ ವಿಚಿತ್ರ ಹೆಸರಿನ ಮೂಲ ಹುಡುಕಲು ಯಾವ ನಿಘಂಟು ಒಳ್ಳೆಯದು ಎಂದು ಕೇಳಿದ್ದೀರಿ. ನಿಘಂಟು ಬೇಡ. ನಮ್ಮ ಅಜ್ಜನ ಹೆಸರೂ ಧೋಂಡಪ್ಪನೇ. ನಿಪ್ಪಾಣಿ ಕಡೆಯಿಂದ ಪುಣೆಗೆ ಬಂದ ಮನೆತನ ನಮ್ಮದು. ನಾನೂ ನಿಘಂಟು ಹಿಡಿದೇ ಹೊರಟಿದ್ದೆ.

ಮರಾಠಿಯಲ್ಲಿ ಧೋಂಡ ಅಂದರೆ ಕಲ್ಲು. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸಿಗೆ ಕಲ್ಲು, ಕಸ ಅಂತ ಹೆಸರಿಡುತ್ತಿದ್ದರು. ಸಾವಿನ ಕಣ್ಣು ಬೀಳದಿರಲಿ ಅಂತ. ನಮ್ಮಲ್ಲಿ ತಿಪ್ಪಣ್ಣ ಇಲ್ವಾ, ಹಾಗೆ. ಇಷ್ಟು ಓದಿದ್ದೇ ತಡ, ಅಜ್ಜನಿಗಿಂತ ಮುಂಚೆ ಹುಟ್ಟಿದ ಮಕ್ಕಳು ತೀರಿಕೊಂಡಿದ್ದವು ಎಂದು ವಂಶವೃಕ್ಷದಲ್ಲಿ ಬರೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ತಪ್ಪಿದ್ದು ಇಲ್ಲೇ. ಪದದ ಅರ್ಥ ಸರಿಯಾಗಿತ್ತು. ಪದ್ಧತಿಯೂ ನಿಜ. ಆದರೆ ನಮ್ಮ ಮನೆಯಲ್ಲಿ ಹಾಗೇ ಆಗಿತ್ತಾ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅಜ್ಜ ಎಷ್ಟನೆಯ ಮಗ ಅನ್ನುವುದನ್ನೂ ವಿಚಾರಿಸಿರಲಿಲ್ಲ. ಅದೊಂದು ಗೊತ್ತಿದ್ದರೆ ಸಾಕಿತ್ತು.

ಸೋದರತ್ತೆ ಫೋನ್ ಮಾಡಿದರು. "ಇಲ್ಲದ ಕೂಸುಗಳನ್ನ ನಮ್ಮಜ್ಜಿ ಉಡಿಯಾಗ ಹಾಕ್ತಿಯೇನು? ನಮ್ಮಪ್ಪ ಚೊಚ್ಚಲ ಮಗ. ಧೋಂಡ್ಯಾ ತಿಂಗಳಾಗ ಹುಟ್ಟಿದ್ದಕ್ಕ ಆ ಹೆಸರು." ಆಮೇಲೆ ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆ ವರ್ಷ ದೀಪಾವಳಿಗೂ ಕರೆಯಲಿಲ್ಲ. ಅವರನ್ನು ಸಾಕಿದ್ದೇ ಆ ಅಜ್ಜಿ. ಅವರ ಸಿಟ್ಟು ನ್ಯಾಯವಾದದ್ದೇ.

ಧೋಂಡ್ಯಾ ತಿಂಗಳು ಅಂದರೆ ನಮ್ಮ ಅಧಿಕ ಮಾಸ. ಚಾಂದ್ರಮಾನ ವರ್ಷ ಸೌರಮಾನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಕೊರತೆ ತುಂಬಲು 32-33 ತಿಂಗಳಿಗೊಮ್ಮೆ ಒಂದು ತಿಂಗಳು ಜಾಸ್ತಿ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ. ಮಹಾರಾಷ್ಟ್ರದಲ್ಲಿ ಅಳಿಯನನ್ನು ಮನೆಗೆ ಕರೆದು ಧೋಂಡೆ ಅನ್ನುವ ಸಿಹಿ ಬಡಿಸುವುದು ಆ ತಿಂಗಳಲ್ಲೇ.

ಇನ್ನು, ಪುಣೆಯಲ್ಲಿ ಇದ್ದುಕೊಂಡು ಈ ಹೆಸರನ್ನು ವಿಚಿತ್ರ ಅನ್ನಬೇಡಿ. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಕರ್ವೆಯವರ ಹೆಸರೂ ಧೋಂಡೋ.

ಮುತ್ತಜ್ಜ ಎಷ್ಟನೆಯ ಮಗು ಎಂದು ಮೊದಲು ಕೇಳಿ. ಮನೆಯ ಹಿರಿಯ ಹೆಂಗಸರನ್ನೇ ಕೇಳಿ, ಹೆರಿಗೆಯ ವಿಷಯ ಗಂಡಸರಿಗೆ ಅಷ್ಟು ನೆನಪಿರುವುದಿಲ್ಲ. ಜಾತಕ ಇದ್ದರೆ ತಿಂಗಳ ಹೆಸರಿನ ಜೊತೆ 'ಅಧಿಕ' ಅಂತ ಬರೆದಿದೆಯಾ ನೋಡಿ. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತ ಇದ್ದರೆ ಮಾತ್ರ ನಂಬಬೇಡಿ. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ಮೇಷ್ಟ್ರು ಆ ತಾರೀಖನ್ನೇ ಬರೆಯುತ್ತಿದ್ದರು.