ಕೇಳುವುದೆಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ

ಓದುಗರ ಪತ್ರ: ಮನೆಯಲ್ಲಿ ಸಂಜೆ ಬೈಬಲ್ ಓದುವಾಗ ಹೈಸ್ಕೂಲಿನ ಮಗಳು ಅಡ್ಡ ಪ್ರಶ್ನೆ ಹಾಕುತ್ತಾಳೆ. ಮಗನನ್ನು ಬಲಿಕೊಡಲು ಹೇಳಿದಾಗಲೂ ಅಬ್ರಹಾಮ ತುಟಿ ಎರಡು ಮಾಡಲಿಲ್ಲ. ಎದುರು ಪ್ರಶ್ನೆ ಹಾಕದಿರುವುದೇ ವಿಧೇಯತೆ ಎಂದು ಹಳೆಯ ಒಡಂಬಡಿಕೆಯಿಂದಲೇ ಮಕ್ಕಳಿಗೆ ತಿಳಿಸಿಕೊಡಿ.

ಸಂಪಾದಕರ ಉತ್ತರ: ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓದುತ್ತೀರಲ್ಲ, ಸಂತೋಷ. ಆದಿಕಾಂಡ 22ರಲ್ಲಿ ಅಬ್ರಹಾಮ ವಾದಿಸಲಿಲ್ಲ ಎನ್ನುವುದೂ ನಿಜ. ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಹಾಕಿ, ಕಟ್ಟಿಗೆ ಒಡೆದುಕೊಂಡು ಹೊರಟ. ಆದರೆ ನಾಲ್ಕು ಅಧ್ಯಾಯ ಹಿಂದಕ್ಕೆ ಹೋಗಿ. ದೇವರು ನಾಶಮಾಡಲಿದ್ದ ಸೊದೋಮ್ ಪಟ್ಟಣವನ್ನು ಎಷ್ಟು ಮಂದಿ ಒಳ್ಳೆಯವರಿದ್ದರೆ ಉಳಿಸಬಹುದೆಂದು ಇದೇ ಅಬ್ರಹಾಮ 50 ನೀತಿವಂತರಿಂದ ಶುರುಮಾಡಿ 45, 40, 30, 20 ಎಂದು 10ರವರೆಗೆ ದೇವರೊಡನೆ ಚೌಕಾಸಿ ಮಾಡುತ್ತಾನೆ. ದೇವರು ಗದರುವುದಿಲ್ಲ, ಆರು ಸಲವೂ ಒಪ್ಪುತ್ತಾನೆ. ಅದನ್ನು ಬಿಟ್ಟು ಇದೊಂದನ್ನೇ ಮಗಳ ಮುಂದಿಟ್ಟರೆ ಅರ್ಧ ಅಬ್ರಹಾಮನನ್ನು ಕೊಟ್ಟಂತಾಯಿತು.

ಮಾತು ನಿಂತಿರುವುದು ಒಂದು ಕ್ರಿಯಾಪದದ ಮೇಲೆ. ವಿಧೇಯತೆ ಎಂದು ನಾವು ಓದುವ ಕಡೆ ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಇರುವುದು ‘ಶಮಾ’, ಅಂದರೆ ಕೇಳು. ‘ಹುಡುಗ ಹೇಳಿದ ಮಾತು ಕೇಳುವುದಿಲ್ಲ’ ಎನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಿವಿಯ ಈ ಕೆಲಸವನ್ನು ‘ವಿಧೇಯತೆ’ ಎಂಬ ದಪ್ಪ ಪದ ಬೆನ್ನು ಬಗ್ಗಿಸುವ ಕೆಲಸ ಮಾಡಿಬಿಟ್ಟಿದೆ.

1 ಸಮುವೇಲ 15ನ್ನು ಪೆನ್ಸಿಲ್ ಹಿಡಿದು ಓದಿ. ‘ಶಮಾ’ದ ಜೊತೆ ‘ಕೋಲ್’ (ದನಿ) ಎಂಬ ಪದವೂ ಅಧ್ಯಾಯದುದ್ದಕ್ಕೂ ಬರುತ್ತದೆ. ಯೆಹೋವನ ದನಿ ಕೇಳು ಎಂದು ಪ್ರವಾದಿ ಸಮುವೇಲ ಅರಸ ಸೌಲನಿಗೆ 1ನೇ ವಚನದಲ್ಲಿ ಹೇಳುತ್ತಾನೆ. ಅಮಾಲೇಕ್ಯರೆಂಬ ಶತ್ರುಗಳನ್ನು ಕುರಿದನಗಳ ಸಮೇತ ನಾಶಮಾಡು ಎಂಬುದು ಆಜ್ಞೆ. ಯುದ್ಧ ಮುಗಿಸಿದ ಸೌಲ ‘ಆಜ್ಞೆ ನೆರವೇರಿಸಿದ್ದೇನೆ’ ಎಂದಾಗ, 14ರಲ್ಲಿ ಸಮುವೇಲನ ಪ್ರಶ್ನೆ: ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ‘ಕೋಲ್’ ಏನು? 24ರಲ್ಲಿ ಸೌಲನ ತಪ್ಪೊಪ್ಪಿಗೆ: ಜನರಿಗೆ ಹೆದರಿ ಅವರ ‘ಕೋಲ್’ ಕೇಳಿದೆ. ದೇವರ ದನಿ, ಕುರಿಯ ದನಿ, ಜನರ ದನಿ, ಮೂರಕ್ಕೂ ಒಂದೇ ಪದ. ಕನ್ನಡದಲ್ಲಿ ಒಂದು ಕಡೆ ಮಾತು, ಇನ್ನೊಂದು ಕಡೆ ಕೂಗು ಎಂದಾದಾಗ ಈ ಎಳೆ ಕಡಿದುಹೋಗುತ್ತದೆ.

ಅಮಾಲೇಕ್ಯರನ್ನು ಮಕ್ಕಳುಮರಿ ಸಮೇತ ನಿರ್ನಾಮ ಮಾಡಬೇಕೆಂಬ ಆ ಆಜ್ಞೆಯೇ ಎದೆ ನಡುಗಿಸುವಂಥದ್ದು. ಸೌಲನೇ ಅದನ್ನು ಪ್ರಶ್ನಿಸಿದಂತೆ ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮೂದಿನ ಪಂಡಿತರು ಬರೆದಿದ್ದಾರೆ. ಬೈಬಲಿನ ಸೌಲ ಮಾತ್ರ ಪ್ರಶ್ನಿಸುವುದಿಲ್ಲ. ಅವನ ಹೆಸರು ಬಂದದ್ದು ‘ಶಾಅಲ್’, ಅಂದರೆ ಬೇಡು, ವಿಚಾರಿಸು ಎಂಬ ಪದದಿಂದ. ಆದರೂ ಅವನು ವಿಚಾರಿಸಲಿಲ್ಲ. ಅವನು ಉಳಿಸಿದ್ದು ಕೂಸುಗಳನ್ನಲ್ಲ. ಅಗಾಗ ಎಂಬ ರಾಜನನ್ನು, ಕೊಬ್ಬಿದ ಕುರಿದನಗಳನ್ನು. ಕೀಳಾಗಿ ಕಂಡದ್ದನ್ನೆಲ್ಲ ನಾಶಮಾಡಿದ. ಕರ್ಮೆಲಿನಲ್ಲಿ ತನಗೊಂದು ಸ್ಮಾರಕ ನಿಲ್ಲಿಸಿಕೊಂಡ. ಸಿಕ್ಕಿಬಿದ್ದ ಮೇಲೆ, ಅದೆಲ್ಲ ದೇವರಿಗೆ ಯಜ್ಞಕ್ಕೆಂದು ಜನರು ಉಳಿಸಿದ್ದು ಎಂದ. ಯಜ್ಞಕ್ಕಿಂತ ಮಾತು ಕೇಳುವುದು ಮೇಲು ಎಂಬ 22ನೇ ವಚನ ಬಂದದ್ದು ಈ ಸಬೂಬಿಗೆ ಉತ್ತರವಾಗಿ.

ನನಗೆ ಸಂಕಟವಾಗುವುದು ಇಲ್ಲೇ. ಭಕ್ತಿಯ ಹೆಸರಲ್ಲಿ ಸ್ವಂತ ಲಾಭ ಮುಚ್ಚಿಟ್ಟ ಅಧಿಕಾರಸ್ಥನಿಗೆ ಹೇಳಿದ ಮಾತನ್ನು ಕಿತ್ತು ತಂದು, ಭಾನುವಾರದ ಪಾಠದಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಚರ್ಚಿನ ಲೆಕ್ಕ ಕೇಳಿದವರ ಬಾಯಿಗೂ ಅದನ್ನೇ ತುರುಕುತ್ತಾರೆ. ಅದೇ ಬೈಬಲಿನಲ್ಲಿ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಗಂಡುಕೂಸುಗಳನ್ನು ಕೊಲ್ಲಿರೆಂದ ಈಜಿಪ್ಟಿನ ಅರಸ ಫರೋಹನ ಮಾತು ಮೀರುತ್ತಾರೆ, ದೇವರಿಗೆ ಭಯಪಟ್ಟದ್ದರಿಂದಲೇ ಮೀರುತ್ತಾರೆ. ಅವರನ್ನು ಬಾಯಿಪಾಠ ಮಾಡಿಸುವವರು ಎಲ್ಲಿದ್ದಾರೆ?

ನೀವು ಹೇಳಿದ ಅಧ್ಯಾಯಕ್ಕೇ ಮರಳಿ ಬನ್ನಿ. ಬೆಟ್ಟದ ದಾರಿಯಲ್ಲಿ ಕಟ್ಟಿಗೆ ಹೊತ್ತ ಇಸಾಕ ಕೇಳುತ್ತಾನೆ: ಅಪ್ಪಾ, ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಿ? ಅಬ್ರಹಾಮ ‘ಸುಮ್ಮನೆ ನಡಿ’ ಎನ್ನಲಿಲ್ಲ. ‘ಏನು ಮಗನೇ’ ಎಂದು ಓಗೊಟ್ಟು ಉತ್ತರ ಕೊಟ್ಟ.

ನಾಳೆ ಸಂಜೆ ಬೈಬಲಿನ ಅರಣ್ಯಕಾಂಡ 27ನ್ನು ತೆಗೆಯಿರಿ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಲ್ಲಿ, ಜನನಾಯಕ ಮೋಶೆಯ ಎದುರಿಗೇ ನಿಂತು, ಅಪ್ಪನ ಪಾಲು ನಮಗೇಕಿಲ್ಲ ಎಂದು ಕೇಳುತ್ತಾರೆ. ಅವರು ಹೇಳುವುದು ಸರಿ ಎಂದು ಯೆಹೋವನು ಕಾನೂನನ್ನೇ ತಿದ್ದುತ್ತಾನೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಐದು ಹೆಸರನ್ನೂ ಬಿಡದೆ, ನಿಮ್ಮ ಮಗಳ ಕೈಯಲ್ಲೇ ಓದಿಸಿ.