ಅಜ್ಜಿ ಮನೆಯಲ್ಲೇ ಇದ್ದರಾ?

ಸಂಪಾದಕರ ಉತ್ತರ

ಬಂಟ್ವಾಳ ಕಡೆಯ ಓದುಗರೊಬ್ಬರು ತೀರಿಹೋದ ತಮ್ಮ ತಾಯಿಯ ಬಗ್ಗೆ ನಾಲ್ಕು ಪುಟದ ಬರಹ ಕಳಿಸಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಜೊತೆಗಿದ್ದ ಪತ್ರ ಹೀಗಿದೆ: “ನಮ್ಮ ತಾಯಿ ದೈವಭಕ್ತೆ, ಶ್ರಮಜೀವಿ. ನಾಲ್ಕು ಮಕ್ಕಳನ್ನು ಸಾಕಿ, ಏಳು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು. ಮುಂದಿನ ತಿಂಗಳು ವರ್ಷಾಂತಿಕ. ಅಷ್ಟರೊಳಗೆ ಪ್ರಕಟಿಸಿದರೆ ಉಪಕಾರ. ಮೊನ್ನೆ ನನ್ನ ಮಗಳು ‘ಅಜ್ಜಿ ಏನು ಕೆಲಸ ಮಾಡ್ತಿದ್ರು?’ ಎಂದು ಕೇಳಿದಳು. ‘ಮನೆಯಲ್ಲೇ ಇದ್ದರು’ ಎಂದೆ. ಹೇಳಿದ ಮೇಲೆ ಯಾಕೋ ಸರಿ ಅನಿಸಲಿಲ್ಲ. ಬರಹದಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ.”

ಬಿಟ್ಟುಹೋಗಿದೆ ಸ್ವಾಮಿ. ಮೂರನೇ ಪುಟದ ಕೊನೆಗೆ ಒಂದು ಸಾಲಿದೆ: “ಬಿಡುವಿನಲ್ಲಿ ಅಲ್ಪಸ್ವಲ್ಪ ಬೀಡಿಯನ್ನೂ ಕಟ್ಟುತ್ತಿದ್ದರು.” ನಾಲ್ಕು ಪುಟದಲ್ಲಿ ಬೀಡಿ ಬಂದದ್ದು ಅಲ್ಲಿ ಮಾತ್ರ. ‘ದೈವಭಕ್ತೆ’ ಐದು ಸಲ ಬಂದಿದೆ, ಎಣಿಸಿದೆ.

ಬಿಡುವು ಅಂದಿರಲ್ಲ, ಅದನ್ನು ಓದಿ ನಗು ಬಂತು. ನಾನೂ ನಿಮ್ಮ ಸೀಮೆಯವನೇ. ನನ್ನ ಅಮ್ಮನೂ ಬೀಡಿ ಕಟ್ಟಿದವಳು. ರಾತ್ರಿ ಮಲಗುವ ಮೊದಲು ಎಲೆಗೆ ನೀರು ಹಾಕಿ ಗೋಣಿಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಎಲೆ ಒಡೆಯುತ್ತದೆ. ಬೆಳಿಗ್ಗೆ ಅಳತೆಯ ತಗಡು ಇಟ್ಟು ಒಂದೊಂದೇ ಎಲೆ ಕತ್ತರಿಸಬೇಕು. ಆಮೇಲೆ ಮಡಿಲಲ್ಲಿ ಗೆರಸೆ (ಮೊರ), ಗೆರಸೆಯಲ್ಲಿ ಹೊಗೆಸೊಪ್ಪಿನ ಹುಡಿ. ಚಿಟಿಕೆ ಹುಡಿ ಹಾಕಿ ಸುರುಳಿ ಸುತ್ತಬೇಕು, ಉಗುರಿನಿಂದ ತುದಿ ಮಡಚಬೇಕು, ನೂಲು ಬಿಗಿಯಬೇಕು. 25 ಬೀಡಿಗೆ ಒಂದು ಕಟ್ಟು, 40 ಕಟ್ಟಾದರೆ ಒಂದು ಸಾವಿರ. ಎಲೆ ಕೊಟ್ಟು ಬೀಡಿ ತಗೊಳ್ಳುವ ಕಂಪನಿಯ ಬ್ರಾಂಚಿನಲ್ಲಿ ಲೆಕ್ಕ ಸಾವಿರದ್ದೇ. ಅಲ್ಲಿ ಸರಿಯಿಲ್ಲ ಎಂದು ಬದಿಗೆ ಹಾಕಿದ ಬೀಡಿಗೆ ಮಜೂರಿ ಇಲ್ಲ. ಕೊಟ್ಟ ಎಲೆ ಸಾಲದೆ ಹೋದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಇದರ ನಡುವೆ ಸಿಕ್ಕಿದ ಬಿಡುವಿನಲ್ಲಿ ನಿಮ್ಮ ತಾಯಿ ಅಡುಗೆ ಮಾಡಿದ್ದಾರೆ, ದನ ನೋಡಿದ್ದಾರೆ, ನಿಮ್ಮನ್ನು ಹೆತ್ತಿದ್ದಾರೆ. ನೀವು ತಿರುಗಿಸಿ ಬರೆದಿದ್ದೀರಿ, ಅಷ್ಟೇ.

ಒಂದು ದಿನ ಸುಮ್ನೆ ಕೂತು ಅಮ್ಮನ ಲೆಕ್ಕ ಹಾಕಿದೆ. ದಿನಕ್ಕೆ 800, ವರ್ಷಕ್ಕೆ 300 ದಿನ, 35 ವರ್ಷ. 84 ಲಕ್ಷ ಬಂತು. ಎಂಬತ್ತನಾಲ್ಕು ಲಕ್ಷ ಯೋನಿ ಅಂತಾರಲ್ವಾ, ಅಷ್ಟೇ ಸರಿಯಾಗಿ! ಬದುಕಿದ್ದರೆ ಅಮ್ಮ ಇದಕ್ಕೆ ಕೈ ಮುಗಿಯುತ್ತಿದ್ದಳೋ ಬೈಯುತ್ತಿದ್ದಳೋ ಗೊತ್ತಿಲ್ಲ.

ಇನ್ನು ನಿಮ್ಮ ‘ದೈವಭಕ್ತೆ’. ನಮ್ಮೂರಲ್ಲಿ ದೈವ ಬೇರೆ, ದೇವರು ಬೇರೆ; ದೈವ ಅಂದರೆ ಕೋಲ ಕೊಟ್ಟು ನಂಬುವ ಭೂತ. ಘಟ್ಟದ ಮೇಲಿನ ಓದುಗರಿಗೆ ಇದು ಗೊತ್ತಾಗದಿರಬಹುದು, ನಿಮಗೆ ಗೊತ್ತೇ ಇದೆ. ಹಾಗಾದರೆ ಯಾವ ದೈವ, ಯಾವ ದೇವರು ಎಂದು ಬಿಡಿಸಿ ಬರೆಯಿರಿ. ನೀವೇ ಬೇರೆ ಬೇರೆ ಕಡೆ ಬರೆದಿದ್ದೀರಿ: ಅಣ್ಣನಿಗೆ ಟೈಫಾಯಿಡ್ ಆದಾಗ ಪಣೋಲಿಬೈಲು ಕಲ್ಲುರ್ಟಿ ದೈವಕ್ಕೆ ಅಗೇಲು (ಕೋಳಿಯ ಎಡೆ) ಹರಕೆ ಹೇಳಿದ್ದರು. ಊರ ಹತ್ತು ಸಮಸ್ತರು ಕಟೀಲು ಮೇಳದ ಯಕ್ಷಗಾನ ಆಟ ಆಡಿಸುವಾಗ ಪ್ರತಿ ಸಲ ವಂತಿಗೆ ಕೊಟ್ಟಿದ್ದರು. ತುಳುವರ ಸೋಣ ತಿಂಗಳ ಹೊಸ್ತಿಲು ಪೂಜೆ ಒಂದು ವರ್ಷವೂ ತಪ್ಪಿಸಲಿಲ್ಲ. ತಂದೆಯವರ ಗೇಣಿ ಗದ್ದೆಯಲ್ಲಿ ಆರು ತಿಂಗಳ ಅಕ್ಕಿ ಮಾತ್ರ ಬರುತ್ತಿತ್ತು ಎಂದೂ ನೀವೇ ಬರೆದಿದ್ದೀರಿ. ಹಾಗಾದರೆ ಹರಕೆ ತೀರಿಸಿದ ದುಡ್ಡು ಎಲ್ಲಿಂದ ಬಂತು? ಅಗೇಲಿನ ಕೋಳಿ ಎಷ್ಟು ಸಾವಿರ ಬೀಡಿ ಆಗುತ್ತದೆ? ನಿಮ್ಮ ಬರಹದಲ್ಲಿ ಭಕ್ತಿ ಒಂದು ಪುಟ, ದುಡಿಮೆ ಇನ್ನೊಂದು ಪುಟ. ಅವರ ಮನೆಯಲ್ಲಿ ಎರಡೂ ಒಂದೇ ಸೆರಗಿನ ಗಂಟಿನಲ್ಲಿದ್ದವು.

ನನ್ನ ಅಮ್ಮ ಮುಸ್ಸಂಜೆ ದೀಪಕ್ಕೆ ಏಳುವ ಮೊದಲು ಹುಣಸೆಹುಳಿ ಹಾಕಿ ಕೈ ತಿಕ್ಕುತ್ತಿದ್ದಳು. ಹೊಗೆಸೊಪ್ಪಿನ ವಾಸನೆ ಹೋಗುತ್ತಿರಲಿಲ್ಲ. ಮೂಸಿ ನೋಡಿ, “ಇಷ್ಟೇ, ದೇವರಿಗೆ ಅಭ್ಯಾಸ ಆಗಿದೆ” ಅನ್ನುತ್ತಿದ್ದಳು. ದೀಪ ಹಚ್ಚಿ ಮತ್ತೆ ಗೆರಸೆ ಹಿಡಿದು ಕೂತರೆ ರೇಡಿಯೊ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಅದರಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಇದ್ದ ದಿನ ಅಮ್ಮನ ಕೈ ಜಾಸ್ತಿ ಓಡುತ್ತಿತ್ತು. ಕೃಷ್ಣ ಸಂಧಾನ ಪ್ರಸಂಗ ಮುಗಿಯುವಷ್ಟರಲ್ಲಿ ನಾಲ್ಕು ಕಟ್ಟು.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಪಿಯುಸಿ ಸೇರುವಾಗ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬಲ್ಲಿ ‘ಗೃಹಿಣಿ’ ಎಂದು ಬರೆದೆ. ಪಕ್ಕದಲ್ಲಿ ಡಾಕ್ಟರ ಮಗ ನಿಂತಿದ್ದ. ಎರಡು ತಿಂಗಳ ನಂತರ ಬೀಡಿ ಕಾರ್ಮಿಕರ ಮಕ್ಕಳಿಗೆ ಸರಕಾರ ಕೊಡುವ ವಿದ್ಯಾರ್ಥಿವೇತನದ ಅರ್ಜಿ ಬಂತು. ಅದರಲ್ಲಿ ‘ಬೀಡಿ ಕಾರ್ಮಿಕೆ’ ಎಂದು ಬರೆದೆ, ಅಮ್ಮನ ಗುರುತಿನ ಚೀಟಿಯನ್ನೂ ಲಗತ್ತಿಸಿದೆ. ಆಫೀಸಿನ ಗುಮಾಸ್ತರು ಎರಡೂ ಕಾಗದ ಪಕ್ಕಪಕ್ಕ ಇಟ್ಟು, “ನಿನಗೆ ಇಬ್ಬರು ಅಮ್ಮಂದಿರಾ?” ಎಂದು ಕೇಳಿದರು. ಅದನ್ನು ಅಮ್ಮನಿಗೆ ಹೇಳಲೇ ಇಲ್ಲ. ಈಗ ಹೇಳೋಣವೆಂದರೆ ಅವಳಿಲ್ಲ.

ಬೀಡಿ, ಸಿಗಾರ್ ಕಾರ್ಮಿಕರಿಗೆಂದೇ 1966ರಲ್ಲಿ ಕಾನೂನು ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ, ಅವರಿಗೂ ಪಿ.ಎಫ್. ಸಲ್ಲಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ದಿಲ್ಲಿಯ ಕೋರ್ಟಿಗೆ ಕಂಡದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ ನೋಡಿ.

ಬೀಡಿಯ ಬಗ್ಗೆ ಬರೆಯಲು ನಿಮಗಿರುವ ಅಳುಕು ನನಗೆ ಅರ್ಥವಾಗುತ್ತದೆ. ಬೀಡಿ ಸೇದಿದವರು ಕೆಮ್ಮಿ ಸತ್ತಿದ್ದಾರೆ. ಕಟ್ಟಿದವರಿಗೂ ಹುಡಿಯ ಕೆಮ್ಮು, ಕುತ್ತಿಗೆ ನೋವು, ಮಂಜಾದ ಕಣ್ಣು. ಅದನ್ನೆಲ್ಲ ಹೊಗಳಿ ಎಂದು ನಾನು ಹೇಳುತ್ತಿಲ್ಲ. ಕೆಮ್ಮನ್ನೂ ಬರೆಯಿರಿ. ಕೊನೆಯ ವರ್ಷಗಳಲ್ಲಿ ರಾತ್ರಿ ಮಲಗಲು ಆಗದೆ ಗೋಡೆಗೆ ಒರಗಿ ಕೂರುತ್ತಿದ್ದರು ಎಂದು ಬರೆದಿದ್ದೀರಿ, ಯಾಕೆಂದು ಬರೆದಿಲ್ಲ.

ಒಂದೇ ಒಂದು ಕಡೆ ಮಾತ್ರ ನಿಮ್ಮ ಬರಹದಲ್ಲಿ ನಾನು ನಿಂತೆ. ಮೊಮ್ಮಗಳ ಜಡೆ ಹೆಣೆದು ತುದಿಗೆ ರಿಬ್ಬನ್ ಬದಲು ಅಜ್ಜಿ ನೂಲು ಕಟ್ಟುತ್ತಿದ್ದರು, ಅದು ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ ಎಂಬಲ್ಲಿ. ಅದು ಬೀಡಿಯ ನೂಲು, ಬೀಡಿಯ ಗಂಟು. ನೀವು ಗೊತ್ತಿಲ್ಲದೆ ಬರೆದುಬಿಟ್ಟಿದ್ದೀರಿ. ಬರಹ ಅಲ್ಲಿಂದಲೇ ಶುರುವಾಗಲಿ.

ಹಾಗಾಗಿ ಈ ಸಲ ಪ್ರಕಟಿಸುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ವರ್ಷಾಂತಿಕ ಕಳೆದರೂ ತೊಂದರೆಯಿಲ್ಲ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಕಾದಿಟ್ಟಿದ್ದೇನೆ. ನಿಮ್ಮ ಅಕ್ಕನವರೂ ತಾಯಿಯ ಪಕ್ಕ ಕೂತು ಎಲೆ ಕತ್ತರಿಸಿರಬೇಕು, ಆ ಕಾಲದ ಹೆಚ್ಚಿನ ಹೆಣ್ಣುಮಕ್ಕಳಂತೆ. ಮಗಳನ್ನು ಕರೆದುಕೊಂಡು ಅವರಲ್ಲಿಗೆ ಹೋಗಿ ಬನ್ನಿ. ಅಟ್ಟದಲ್ಲಿ ಬ್ರಾಂಚಿನ ಪುಸ್ತಕವೋ, ಕತ್ತರಿಯೋ, ಆ ತಗಡಿನ ತುಂಡೋ ಸಿಕ್ಕರೆ ಒಂದು ಫೋಟೊ ತೆಗೆದು ಕಳಿಸಿ. ಸಮಾರಂಭದ ಜರಿ ಸೀರೆಯ ಫೋಟೊ ಬೇಡ.